ಗುಳೆ ಹೋದವರ ಸಂತೆ

2019ರ ನವೆಂಬರಿನ ಮೊದಲ ವಾರ ಎಲ್ಲರ ಬಾಯಲ್ಲೂ ಹಕ್ಕಿ ಬಿಟ್ಟು ಆನೆ ಏರುವ ಮಾತು. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಕೆಲವೇ ದಿನ ಮೊದಲು ಅಮಾನತು ಮಾಡಿತ್ತು. 1936ರಲ್ಲಿ ಹ್ಯಾಂಬರ್ಗಿನ ಹಡಗುಕಟ್ಟೆಯಲ್ಲಿ ತೆಗೆದ ಪ್ರಸಿದ್ಧ ಚಿತ್ರವೊಂದಿದೆ: ಸುತ್ತಲಿನವರೆಲ್ಲ ನಾಜಿ ವಂದನೆಗೆ ಕೈ ಚಾಚಿದ್ದಾರೆ, ಒಬ್ಬ ಮಾತ್ರ ಕೈ ಕಟ್ಟಿಕೊಂಡು ನಿಂತಿದ್ದಾನೆ. ಅದು ಹೆಗ್ಡೆಯವರ ಪುಟದ ಮೇಲಿತ್ತು. ಮೊದಲ ತಕರಾರು ಅದೇ. ಹಿಂದಿ ಕವಿ ಗೋರಖ್ ಪಾಂಡೆ ಅವರ ಕವಿತೆ ಹಂಚಿಕೊಂಡದ್ದು ಎರಡನೆಯದು. ಅದೇ ದಿನಗಳಲ್ಲಿ ದಲಿತ ಮತ್ತು ಹಿಂದುಳಿದ ವರ್ಗಗಳ ಬರಹಗಾರರು, ಖಾತೆ ಅಸಲಿಯೆಂದು ಟ್ವಿಟರ್ ಕೊಡುತ್ತಿದ್ದ ನೀಲಿ ಗುರುತು ಯಾವ ಜಾತಿಯವರಿಗೆ ಬೇಗ ಸಿಗುತ್ತದೆ ಎಂದು ಬಹಿರಂಗವಾಗಿ ಲೆಕ್ಕ ಕೇಳುತ್ತಿದ್ದರು. ಎರಡು ಸಿಟ್ಟು ಒಂದುಗೂಡಿ ಸಾವಿರಾರು ಭಾರತೀಯರು ಮ್ಯಾಸ್ಟೊಡಾನ್ ಕಡೆ ಹೊರಟರು. ಅಳಿದುಹೋದ ಆನೆಜಾತಿಯೊಂದರ ಹೆಸರು ಹೊತ್ತ ಆ ತಂತ್ರಾಂಶವನ್ನು ಜರ್ಮನಿಯ ಓಯ್ಗನ್ ರೋಚ್ಕೊ 2016ರಲ್ಲಿ ಹೊರತಂದಿದ್ದರು.

ನಾನೂ ಹೊರಟೆ. ಒಳಗೆ ಕಾಲಿಡುವ ಮೊದಲೇ ಅದು ಕೇಳಿತು: ಯಾವ ಸರ್ವರ್? ಗೊತ್ತಿಲ್ಲದ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದವನಿಗೆ ಆಟೊದವನು ‘ಯಾವ ಓಣಿ?’ ಎಂದು ಕೇಳಿದ ಹಾಗಿತ್ತು. ಊರೇ ಗೊತ್ತಿಲ್ಲ, ಓಣಿ ಹೇಗೆ ಹೇಳಲಿ? ಪಟ್ಟಿಯಲ್ಲಿ ಕಣ್ಣಿಗೆ ಬಿದ್ದ ಒಂದನ್ನು ಒತ್ತಿ ಸೇರಿಕೊಂಡೆ. ‘ನಮಸ್ಕಾರ, ಇಲ್ಲಿ ಕನ್ನಡದವರು ಯಾರಾದರೂ ಇದ್ದೀರಾ?’ ಎಂದು ಬರೆದೆ. ಎರಡು ದಿನವಾದ ಮೇಲೆ ಫಿನ್ಲೆಂಡಿನ ಯಾರೋ ಪುಣ್ಯಾತ್ಮ ಅದಕ್ಕೊಂದು ನಕ್ಷತ್ರ ಒತ್ತಿದ. ಲಿಪಿ ಚೆನ್ನಾಗಿ ಕಂಡಿರಬೇಕು.

ಡಿಸೆಂಬರ್ ಹೊತ್ತಿಗೆ ನನ್ನ ಪರಿಚಯದವರಲ್ಲಿ ಬಹುಪಾಲು ಮಂದಿ ಹಳೆಯ ಜಾಗಕ್ಕೆ ವಾಪಸಾಗಿದ್ದರು. ಯಾರೂ ಅಲ್ಲಿನ ಖಾತೆ ಮುಚ್ಚಿರಲೇ ಇಲ್ಲ. ನಮ್ಮಲ್ಲಿ ಇದಕ್ಕೆ ಬೇರೆಯೇ ಮಾತಿದೆ. ವಲಸೆ ಹೋದವನು ಹೊಲ ಮಾರಿ ಹೋಗುತ್ತಾನೆ. ಗುಳೆ ಹೋದವನು ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಮುಂಗಾರಿಗೆ ಬರುತ್ತೇನೆಂದು ಹೇಳಿ ಹೋಗುತ್ತಾನೆ. ಇಂಗ್ಲಿಷ್ ಪತ್ರಿಕೆಗಳು ಮಹಾವಲಸೆ ಎಂದು ಕರೆದದ್ದರಲ್ಲಿ ಹೆಚ್ಚಿನದು ಗುಳೆ. 2022ರ ಅಕ್ಟೋಬರ್ 27ರಂದು ಇಲಾನ್ ಮಸ್ಕ್ 4,400 ಕೋಟಿ ಡಾಲರಿಗೆ ಟ್ವಿಟರ್ ಕೊಂಡಾಗಲೂ ಆದದ್ದು ಇದೇ, ಪ್ರಮಾಣ ಮಾತ್ರ ದೊಡ್ಡದು. ತಿಂಗಳಿಗೆ ಸುಮಾರು 3 ಲಕ್ಷ ಇದ್ದ ಮ್ಯಾಸ್ಟೊಡಾನಿನ ಸಕ್ರಿಯ ಬಳಕೆದಾರರ ಸಂಖ್ಯೆ ನವೆಂಬರಿನಲ್ಲಿ 25 ಲಕ್ಷಕ್ಕೆ ಏರಿತೆಂದು ರೋಚ್ಕೊ ಬರೆದರು. ಹೊಸ ವರ್ಷದ ಮೊದಲ ವಾರಗಳಲ್ಲಿ ಅದು 18 ಲಕ್ಷದ ಆಸುಪಾಸಿಗೆ ಇಳಿದಿತ್ತು.

ಮ್ಯಾಸ್ಟೊಡಾನಿನಂಥ, ಒಂದೇ ಕಂಪನಿಯ ಕೈಯಲ್ಲಿಲ್ಲದ ವಿಕೇಂದ್ರೀಕೃತ ಜಾಲದ ಅಭಿಮಾನಿಗಳು ಈ ಇಳಿತಕ್ಕೆ ಹೇಳುವ ಕಾರಣ ಸುಲಭದ್ದು: ಜನಕ್ಕೆ ತಾಳ್ಮೆಯಿಲ್ಲ, ಸರ್ವರ್ ಆರಿಸುವುದು ಕಷ್ಟ, ಆ್ಯಪ್ ಚೆನ್ನಾಗಿರಲಿಲ್ಲ. ಅದರಲ್ಲಿ ಸ್ವಲ್ಪ ನಿಜವಿದೆ. 2023ರ ಮೇನಲ್ಲಿ ಮ್ಯಾಸ್ಟೊಡಾನ್ ತನ್ನ ಆ್ಯಪ್‌ಗೆ ಬಂದವರನ್ನು ನೇರವಾಗಿ ತನ್ನದೇ ದೊಡ್ಡ ಸರ್ವರಿಗೆ ಸೇರಿಸುವ ದಾರಿ ಮಾಡಿತು. ಓಣಿ ಕೇಳುವ ಆಟೊದವನ ಕಾಟ ತಪ್ಪಿತು. ವಿಕೇಂದ್ರೀಕರಣದ ಹೆಸರಿನ ಊರಿನಲ್ಲಿ ಒಂದೇ ಓಣಿ ಉಬ್ಬತೊಡಗಿತು. ಆದರೂ ನನ್ನ ಅನುಮಾನ ಬೇರೆ ಕಡೆಗಿದೆ. ಈ ತಂತ್ರಜ್ಞಾನ ಒಬ್ಬ ವ್ಯಕ್ತಿ ಎದ್ದು ಹೋಗಲು ಬಾಗಿಲು ಮಾಡಿಕೊಟ್ಟಿದೆ. ಹತ್ತು ಜನ ಒಟ್ಟಿಗೆ ಎದ್ದು, ಒಟ್ಟಿಗೇ ಇನ್ನೊಂದು ಕಡೆ ಕೂರಲು ಬೇಕಾದದ್ದನ್ನು ಮಾಡಿಲ್ಲ. ಸಮುದಾಯ ಎಂಬುದು ಆ ಎರಡನೆಯ ಕೆಲಸ.

ಸಂತೆಯನ್ನೇ ನೋಡಿ. ಮಂಗಳವಾರದ ಸಂತೆಯಲ್ಲಿ ಇರುವುದೇನು? ನಾಲ್ಕು ಗೂಟ, ಹರಿದ ಟಾರ್ಪಾಲು, ತಕ್ಕಡಿ. ಇವನ್ನೆಲ್ಲ ಒಂದು ಟೆಂಪೊದಲ್ಲಿ ತುಂಬಬಹುದು. ಟೆಂಪೊದಲ್ಲಿ ಹಿಡಿಯದೆ ಉಳಿಯುವುದು ‘ಮಂಗಳವಾರ’. ಮೆಣಸಿನಕಾಯಿಯವಳು ಬಂದೇ ಬರುತ್ತಾಳೆ ಎಂದು ಕೊಳ್ಳುವವನಿಗೆ ಗೊತ್ತು, ಅವನು ಬಂದೇ ಬರುತ್ತಾನೆ ಎಂದು ಅವಳಿಗೆ ಗೊತ್ತು. ಅದೇ ದಿನ ಎರಡು ಮೈಲಿ ಆಚೆ ಇನ್ನೊಂದು ಸಂತೆ ಹೂಡಿ, ‘ಅಲ್ಲಿ ಸುಂಕವಿಲ್ಲ, ಯಾರ ಕಾಟವೂ ಇಲ್ಲ’ ಎಂದರೆ ಅರ್ಧ ಜನ ಅಲ್ಲಿಗೆ ಹೋಗಿ, ಅರ್ಧ ಜನ ಇಲ್ಲೇ ಉಳಿದು, ಎರಡು ಕಡೆಯೂ ಕೊತ್ತಂಬರಿ ಬಾಡುತ್ತದೆ.

ತಾಂತ್ರಿಕ ವ್ಯವಸ್ಥೆಯೂ ಇದನ್ನೇ ಹೇಳುತ್ತದೆ. ಮ್ಯಾಸ್ಟೊಡಾನಿನ ಸಾವಿರಾರು ಸರ್ವರ್‌ಗಳು ಪರಸ್ಪರ ಮಾತಾಡುವುದು ಆಕ್ಟಿವಿಟಿಪಬ್ ಎಂಬ ಒಪ್ಪಂದದ ಮೂಲಕ. ಡಬ್ಲ್ಯು3ಸಿ ಸಂಸ್ಥೆ ಅದನ್ನು 2018ರ ಜನವರಿಯಲ್ಲಿ ಮಾನದಂಡವಾಗಿ ಶಿಫಾರಸು ಮಾಡಿತು. ಒಂದು ಸರ್ವರ್ ಬಿಟ್ಟು ಇನ್ನೊಂದಕ್ಕೆ ಹೋದರೆ ನಿಮ್ಮ ಫಾಲೋವರ್‌ಗಳು ತಾವಾಗಿ ಹಿಂದೆ ಬರುತ್ತಾರೆ. ನೀವು ಬರೆದ ಪೋಸ್ಟ್‌ಗಳು ಬರುವುದಿಲ್ಲ. ಮಾತು ಹಳೆಯ ಮನೆಯಲ್ಲೇ ಉಳಿಯುತ್ತದೆ. ಇನ್ನೊಂದು ತೊಡಕು: ಈ ಸ್ಥಳಾಂತರಕ್ಕೆ ಹಳೆಯ ಸರ್ವರ್ ಜೀವಂತವಿರಬೇಕು, ‘ಇವರು ಇಂಥ ಕಡೆ ಹೋಗಿದ್ದಾರೆ’ ಎಂದು ಅದೇ ಸಾರಬೇಕು. ಅದು ರಾತ್ರೋರಾತ್ರಿ ಸತ್ತರೆ ಹೇಳುವವರು ಯಾರು? ತನ್ನ ಪಟ್ಟಿಯಲ್ಲಿ ಸೇರುವ ಸರ್ವರ್‌ಗಳು ಮುಚ್ಚುವ ಮೂರು ತಿಂಗಳು ಮೊದಲೇ ತಿಳಿಸಬೇಕು ಎಂದು ಮ್ಯಾಸ್ಟೊಡಾನ್ ನಿಯಮ ಮಾಡಿಕೊಂಡದ್ದು ಇದಕ್ಕೇ. ಅದು ಮಾತು ಕೊಟ್ಟವರಿಗೆ ಅನ್ವಯಿಸುವ ಮಾತು, ಅಷ್ಟೆ. ಅಫ್ಘಾನಿಸ್ತಾನದ ‘ಡಾಟ್ ಎಎಫ್’ ವಿಳಾಸ ಇಟ್ಟುಕೊಂಡಿದ್ದ ಲೈಂಗಿಕ ಅಲ್ಪಸಂಖ್ಯಾತರ ಸರ್ವರೊಂದನ್ನು 2024ರ ಫೆಬ್ರವರಿಯಲ್ಲಿ ತಾಲಿಬಾನ್ ಆಡಳಿತವೇ ನಿಲ್ಲಿಸಿತು. ಇಂಗ್ಲಿಷ್ ಆಡುಮಾತಿನ ಎರಡು ಅಕ್ಷರದ ತಮಾಷೆಗೆಂದು ಆರಿಸಿಕೊಂಡ ವಿಳಾಸ. ಅದರ ಯಜಮಾನರು ಕಾಬೂಲಿನಲ್ಲಿ ಇದ್ದರು.

ಬ್ಲೂಸ್ಕೈ ಎಂಬ ಇನ್ನೊಂದು ಜಾಲ ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಲು ನೋಡಿದೆ. ಅಲ್ಲಿ ನಿಮ್ಮ ಗುರುತು ಒಂದು ಕಡೆ, ನಿಮ್ಮ ಬರಹದ ಕಡತ ಇನ್ನೊಂದು ಕಡೆ, ಅವನ್ನೆಲ್ಲ ಕಲೆಹಾಕಿ ತೋರಿಸುವ ಆ್ಯಪ್ ಮತ್ತೊಂದು ಕಡೆ. ಕಡತ ಇಟ್ಟುಕೊಂಡವನ ಜೊತೆ ಜಗಳವಾದರೆ ಪೋಸ್ಟು, ಫಾಲೋವರ್ ಎರಡನ್ನೂ ಎತ್ತಿಕೊಂಡು ಬೇರೆಯವನ ಹತ್ತಿರ ಹೋಗಬಹುದು. ಕಾಗದದ ಮೇಲೆ ಇದು ಮ್ಯಾಸ್ಟೊಡಾನಿಗಿಂತ ಉತ್ತಮ. ಆದರೆ ಬಹುತೇಕ ಎಲ್ಲರ ಕಡತವೂ ಇರುವುದು ಬ್ಲೂಸ್ಕೈ ಕಂಪನಿಯ ಯಂತ್ರಗಳಲ್ಲೇ. ಬಾಗಿಲು ಇದೆ, ದಾಟಿದವರು ಕಡಿಮೆ. ಎಲ್ಲರೂ ದಾಟುವ ದಿನ ಬಂದಾಗ ಅಗುಳಿ ಸಲೀಸಾಗಿ ತೆಗೆಯುತ್ತದೋ ಇಲ್ಲವೋ ನೋಡಬೇಕು.

ನನ್ನದೇ ಒಂದು ಸಣ್ಣ ಗುಂಪಿನ ಕಥೆ ಹೇಳುತ್ತೇನೆ. ಶಾಸನದ ಹುಚ್ಚಿನ ಹದಿನಾಲ್ಕು ಮಂದಿ ನಾವು ಟ್ವಿಟರಿನಲ್ಲಿ ಸಿಕ್ಕವರು. ಸೊರಬದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ವಾರಕ್ಕೊಂದು ವೀರಗಲ್ಲಿನ ಫೋಟೊ ಹಾಕುತ್ತಿದ್ದರು. ಕಲ್ಲಿಗೆ ನೀರು ಹೊಯ್ದು, ಸಂಜೆಯ ಓರೆ ಬೆಳಕಿನಲ್ಲಿ ತೆಗೆದ ಫೋಟೊ. ಕೆಳಗಿನ ಪಟ್ಟಿಕೆಯಲ್ಲಿ ತುರುಗಳು, ಬಿಲ್ಲು ಹಿಡಿದ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಪಟ್ಟಿಕೆಗಳ ನಡುವೆ ಎರಡೋ ಮೂರೋ ಸಾಲು, ಅರ್ಧ ಸವೆದದ್ದು. ‘ತುಱುವಂ ಮಗುೞ್ಚಿ’ ಎಂಬುದನ್ನು ಯಾರಾದರೂ ಓದಿಬಿಡುತ್ತಿದ್ದರು, ಆ ಕಾಲದ ಕಲ್ಲುಗಳಲ್ಲಿ ಅದು ಮತ್ತೆ ಮತ್ತೆ ಬರುವ ಮಾತು. ಕಷ್ಟ ಬರುತ್ತಿದ್ದದ್ದು ಊರ ಹೆಸರಿಗೆ. ಒಮ್ಮೆ ಒಂದೇ ಒಂದು ಅಕ್ಷರಕ್ಕೆ ನಾಲ್ಕು ದಿನ ಜಗ್ಗಾಡಿದೆವು: ಅದು ಱ ಆದರೆ ಒಂದು ಊರು, ೞ ಆದರೆ ಇನ್ನೊಂದು. ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ ಎಪಿಗ್ರಾಫಿಯ ಕರ್ನಾಟಿಕದ ಸಂಪುಟ ತೆಗೆದು ಪಕ್ಕದೂರಿನ ಕಲ್ಲಿನ ಪಾಠ ತೋರಿಸಿದಳು. ಟೆಕ್ಸಾಸಿನ ಎಂಜಿನಿಯರ್ ಫೋಟೊದ ನೆರಳು-ಬೆಳಕು ತಿದ್ದಿ ತಿದ್ದಿ ಹಾಕಿದ. ‘ಇಲ್ನೋಡಿ ಮೇಷ್ಟ್ರೇ, ಒಳಗೆ ಅಡ್ಡಗೆರೆ ಕಾಣ್ತಿದೆ’ ಎಂದ. ಮೇಷ್ಟ್ರು ಮರುದಿನ ಬೆಳಿಗ್ಗೆ ಬೈಕ್ ಹತ್ತಿ ಮತ್ತೆ ಹೋಗಿ ಬೆರಳು ಆಡಿಸಿ ನೋಡಿ ಬಂದರು. ‘ಗೆರೆ ಅಲ್ಲಪ್ಪಾ, ಕಲ್ಲು ಬಿರುಕು ಬಿಟ್ಟದ್ದು.’

2022ರ ಕೊನೆಯಲ್ಲಿ ಈ ಗುಂಪು ಚದುರಿತು. ಐದು ಮಂದಿ ಮ್ಯಾಸ್ಟೊಡಾನಿಗೆ ಹೋದರು, ಅದೂ ಮೂರು ಸರ್ವರ್‌ಗಳಿಗೆ. ನಾಲ್ವರು ಆಮೇಲೆ ಬ್ಲೂಸ್ಕೈ ಸೇರಿದರು. ಇಬ್ಬರು ಇಡೀ ವ್ಯವಹಾರವೇ ಬೇಡವೆಂದು ವಾಟ್ಸ್‌ಆ್ಯಪ್‌ಗೆ ಹಿಂದೆಗೆದರು. ಮೇಷ್ಟ್ರು ಮತ್ತಿಬ್ಬರು ಎಲ್ಲಿದ್ದರೋ ಅಲ್ಲೇ. ‘ಕಲ್ಲು ಎಲ್ಲಿಗೂ ಹೋಗೋದಿಲ್ಲ, ನಾನ್ಯಾಕೆ ಹೋಗ್ಲಿ’ ಎಂದರು ಮೇಷ್ಟ್ರು. ಈಗ ಒಂದು ಫೋಟೊ ಮೂರು ಜಾಗಕ್ಕೆ ಹೋಗುತ್ತದೆ. ಒಂದು ಕಡೆ ೞ ಎಂದು ತೀರ್ಮಾನವಾಗಿರುತ್ತದೆ, ಇನ್ನೊಂದು ಕಡೆ ಅದೇ ಪ್ರಶ್ನೆ ಆಗಷ್ಟೇ ಶುರುವಾಗಿರುತ್ತದೆ. ಮ್ಯಾಸ್ಟೊಡಾನಿನ ಒಳಗೇ ಇನ್ನೊಂದು ವಿಚಿತ್ರ: ಒಂದು ಸರ್ವರಿಗೆ ಬೇರೆ ಸರ್ವರಿನ ಎಲ್ಲ ಉತ್ತರಗಳೂ ತಲುಪುವ ಖಾತ್ರಿ ಇಲ್ಲ. ಅದೇ ಪೋಸ್ಟಿನ ಕೆಳಗೆ ನನಗೆ ಎರಡು ಉತ್ತರ ಕಾಣುತ್ತಿದ್ದಾಗ ಮೈಸೂರಿನವಳಿಗೆ ಐದು ಕಾಣುತ್ತಿದ್ದವು. ಅವಳು ‘ಮೇಲೆ ಹೇಳಿದ ಹಾಗೆ’ ಎಂದು ಬರೆದರೆ ನನ್ನ ಪರದೆಯ ಮೇಲೆ ಮೇಲೇನೂ ಇರುತ್ತಿರಲಿಲ್ಲ. ಜಗಳವೇ ಇಲ್ಲದೆ ಒಂದು ಗುಂಪು ಕಿವುಡಾಗುವುದು ಹೀಗೆ. ಇತ್ತೀಚಿನ ಆವೃತ್ತಿಗಳಲ್ಲಿ ಬಿಟ್ಟುಹೋದ ಉತ್ತರಗಳನ್ನು ಹುಡುಕಿ ತರುವ ಏರ್ಪಾಡು ಬಂದಿದೆ. ನಮ್ಮ ಗುಂಪಿಗೆ ಅದು ಮದುವೆ ಮುಗಿದ ಮೇಲೆ ಬಂದ ವಾಲಗ.

ಎರಡು ಲೋಕಗಳ ನಡುವೆ ಸೇತುವೆ ಹಾಕುವ ತಂತ್ರಾಂಶವೂ ಇದೆ. ಬ್ರಿಜ್ಜಿ ಫೆಡ್ ಎಂಬುದು ಮ್ಯಾಸ್ಟೊಡಾನಿನವರ ಮಾತನ್ನು ಬ್ಲೂಸ್ಕೈಗೆ, ಅಲ್ಲಿಯದನ್ನು ಇಲ್ಲಿಗೆ ಸಾಗಿಸುತ್ತದೆ. 2024ರ ಆರಂಭದಲ್ಲಿ ಅದನ್ನು ಮಾಡುತ್ತಿದ್ದವರು ‘ಬೇಡ ಎಂದವರನ್ನು ಬಿಟ್ಟು ಉಳಿದವರೆಲ್ಲರದ್ದೂ ಸಾಗುತ್ತದೆ’ ಎಂದಾಗ ಮ್ಯಾಸ್ಟೊಡಾನ್ ಕಡೆ ಗದ್ದಲವೆದ್ದಿತು. ನಮ್ಮ ಮಾತನ್ನು ನಮ್ಮನ್ನು ಕೇಳದೆ ಇನ್ನೊಂದೂರಿಗೆ ಹೊತ್ತೊಯ್ಯಲು ನೀವು ಯಾರು ಎಂಬುದು ಪ್ರಶ್ನೆ. ಕೊನೆಗೆ ‘ಬೇಕು ಎಂದವರದ್ದು ಮಾತ್ರ’ ಎಂದು ಬದಲಾಯಿತು. ಆ ಆಕ್ಷೇಪ ನನಗೆ ನ್ಯಾಯವೆನ್ನಿಸುತ್ತದೆ. ಅದರ ಫಲವಾಗಿ ನಮ್ಮ ಸಂಶೋಧಕಿಗೂ ಎಂಜಿನಿಯರಿಗೂ ನಡುವೆ ಸೇತುವೆ ಇಲ್ಲ ಎಂಬುದೂ ನಿಜ. ಅವನಿಗೆ ಆ ಸ್ವಿಚ್ ಎಲ್ಲಿದೆ ಎಂದೇ ಗೊತ್ತಿಲ್ಲ.

ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಸಣ್ಣ ಪುಸ್ತಕ ಬರೆದರು, ‘ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ’. ಒಂದು ಸಂಸ್ಥೆ ಹದಗೆಟ್ಟಾಗ ಜನರಿಗೆ ಎರಡು ದಾರಿ: ಬಿಟ್ಟು ಹೋಗುವುದು, ಇಲ್ಲವೇ ಇದ್ದು ದನಿ ಎತ್ತುವುದು. ಅವರ ಕಣ್ಣು ತೆರೆಸಿದ್ದು ನೈಜೀರಿಯಾದ ರೈಲು. ಪಕ್ಕದಲ್ಲಿ ಲಾರಿಗಳು ಓಡುತ್ತಿದ್ದರೂ ರೈಲು ಸುಧಾರಿಸಲಿಲ್ಲ, ಏಕೆಂದರೆ ಗಲಾಟೆ ಮಾಡಿ ರೈಲನ್ನು ಸರಿದಾರಿಗೆ ತರಬಲ್ಲ ಗಿರಾಕಿಗಳೇ ಮೊದಲು ಲಾರಿ ಹತ್ತಿಬಿಟ್ಟಿದ್ದರು. ನಮ್ಮೂರ ಕನ್ನಡ ಶಾಲೆಗಳ ಕಥೆ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಮೇಷ್ಟ್ರು ಬರಲಿಲ್ಲವೆಂದು ಬಿಇಒ ಕಚೇರಿಗೆ ಹೋಗಿ ಕೂರಬಲ್ಲ ಅಪ್ಪ ಅಮ್ಮಂದಿರ ಮಕ್ಕಳು ಯಾವತ್ತೋ ಹಳದಿ ಬಸ್ಸು ಹತ್ತಿದ್ದಾರೆ.

ಗುಂಪುಗಳಲ್ಲಿಯೂ ಮೊದಲು ಎದ್ದು ಹೋಗುವವರು ಇಂಥವರೇ: ಬೇಸರಪಟ್ಟುಕೊಳ್ಳುವಷ್ಟು ಕಾಳಜಿ ಇದ್ದವರು, ಹೊಸ ಆ್ಯಪ್ ಕಲಿಯುವಷ್ಟು ಬಿಡುವು ಮತ್ತು ಇಂಗ್ಲಿಷ್ ಇದ್ದವರು. ಕೆಟ್ಟ ಮಾತಿಗೆ ಎದುರಾಡುತ್ತಿದ್ದವರು, ಹೊಸಬರಿಗೆ ದಾರಿ ತೋರುತ್ತಿದ್ದವರು. ಅವರು ಹೋದ ಮೇಲೆ ಹಳೆಯ ಜಾಗ ಇನ್ನಷ್ಟು ಕೆಡುತ್ತದೆ, ‘ನಾವು ಹೇಳಿರಲಿಲ್ಲವೇ’ ಎನ್ನಲು ಅವರಿಗೆ ಆಧಾರ ಸಿಗುತ್ತದೆ. ಉಳಿದವರು ಕಂಪನಿಯ ಭಕ್ತರು ಎಂದು ಹೀಗಳೆಯುವುದನ್ನು ಎಷ್ಟೋ ಸಲ ಓದಿದ್ದೇನೆ, ನಾನೂ ಒಂದೆರಡು ಸಲ ಅಂದಿರಬಹುದು. ಸೊರಬದ ಮೇಷ್ಟ್ರು ಯಾರ ಭಕ್ತರೂ ಅಲ್ಲ. ಅವರ ಫೋನಿನಲ್ಲಿ ಜಾಗವಿಲ್ಲ, ಅಷ್ಟೆ.

ಹೋದ ಜಾಗವೂ ಖಾಲಿ ಸೈಟಲ್ಲ. ಅಲ್ಲಿ ಮೊದಲೇ ಜನರಿದ್ದರು, ಅವರಿಗೆ ಅವರದ್ದೇ ರೀತಿ ನೀತಿ. ರಾಜಕೀಯವೋ ದುಃಖವೋ ಬರೆದರೆ ಮೇಲೊಂದು ಮುಸುಕು ಹಾಕಿ, ಓದಬೇಕೆನ್ನುವವರು ಸರಿಸಿ ಓದಲಿ ಎಂಬುದು ಮ್ಯಾಸ್ಟೊಡಾನಿನ ಹಲವು ಸರ್ವರ್‌ಗಳ ಪದ್ಧತಿ. ಒಳ್ಳೆಯ ಉದ್ದೇಶದ್ದೇ. ಆದರೆ 2022ರಲ್ಲಿ ಅಲ್ಲಿಗೆ ಹೋದ ಅಮೆರಿಕದ ಕಪ್ಪುಜನ ತಮ್ಮ ಮೇಲಾದ ವರ್ಣಭೇದದ ಅನುಭವ ಬರೆದಾಗ, ‘ಇದಕ್ಕೆ ಮುಸುಕು ಹಾಕಿ’ ಎಂದು ಬಿಳಿಯರು ತಿದ್ದಲು ಬಂದರು. ದಿನನಿತ್ಯದ ಬದುಕನ್ನೇ ಮುಸುಕಿನೊಳಗೆ ಇಡಬೇಕೆ ಎಂದು ಅವರು ಕೇಳಿದರು. ಹಲವರು ಹೊರಟೂ ಹೋದರು. ಜಾತಿಯ ಬಗ್ಗೆ ನಮ್ಮಲ್ಲಿ ಮಾತೆತ್ತಿದಾಗ ‘ಈಗ ಅದೆಲ್ಲಾ ಯಾಕೆ’ ಎನ್ನುವ ದನಿ ಯಾರಿಗೆ ಪರಿಚಯವಿಲ್ಲ? ಟ್ವಿಟರಿನ ಮೇಲಿನ ಜಾತಿತಾರತಮ್ಯದ ಆರೋಪದಿಂದಲೂ ಹೊರಟ 2019ರ ಗುಳೆಗೆ, ಜಾತಿ ಎಂದರೇನೆಂದೇ ತಿಳಿಯದ ಯುರೋಪಿನ ಅಡ್ಮಿನ್‌ಗಳು ನ್ಯಾಯಾಧೀಶರಾಗಿ ಸಿಕ್ಕಿದ್ದರು.

ಇಷ್ಟೆಲ್ಲ ಹೇಳಿ, ಹಾಗಾದರೆ ದೊಡ್ಡ ಕಂಪನಿಯ ಒಂದೇ ಮಹಡಿಯಲ್ಲಿ ಎಲ್ಲರೂ ಇರೋಣ ಎನ್ನಲಾರೆ. ಅದಕ್ಕೆ ಕನ್ನಡಿಗರ ಹತ್ತಿರವೇ ಸಾಕ್ಷಿಯಿದೆ. ಬೆಂಗಳೂರಿನಲ್ಲಿ 2020ರಲ್ಲಿ ಹುಟ್ಟಿದ ಕೂ ಮೊದಲು ಬಂದದ್ದು ಕನ್ನಡದಲ್ಲಿ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿಡವಟ್ಕ ಕಟ್ಟಿದ ಆ ಹಳದಿ ಹಕ್ಕಿಯ ಆ್ಯಪ್, 2021ರ ರೈತ ಹೋರಾಟದ ಹೊತ್ತಿಗೆ ಕೇಂದ್ರ ಸರ್ಕಾರಕ್ಕೂ ಟ್ವಿಟರಿಗೂ ಜಟಾಪಟಿಯಾದಾಗ ಮಂತ್ರಿಗಳಿಂದ ಹಿಡಿದು ಇಲಾಖೆಗಳವರೆಗೆ ಎಲ್ಲರನ್ನೂ ಸೆಳೆಯಿತು. ಒಂದು ಹಂತದಲ್ಲಿ ದಿನಕ್ಕೆ ಸುಮಾರು 21 ಲಕ್ಷ ಜನ ಬಂದು ಹೋಗುತ್ತಿದ್ದರೆಂದು ಸ್ಥಾಪಕರು ಹೇಳಿದ್ದಾರೆ. 2024ರ ಜುಲೈನಲ್ಲಿ ಮುಚ್ಚಿತು. ಅದು ಒಂದೇ ಕಂಪನಿಯ ಒಂದೇ ಮನೆ; ಅದರ ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಕನ್ನಡದಲ್ಲಿ ದಿನವೂ ಬರೆದವರಿಗೆ ಫಾಲೋವರ್‌ಗಳನ್ನು ಒಯ್ಯಲು ಇನ್ನೊಂದು ಓಣಿ ಇರಲಿಲ್ಲ. ಅದಕ್ಕೂ ಮೊದಲು, 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಹೊಲದ ಬದುವಿನಲ್ಲಿ ನಿಂತು ಕುಣಿದು ಹೆಸರು ಮಾಡಿದ್ದ ಹುಡುಗ ಹುಡುಗಿಯರು ಒಂದೇ ರಾತ್ರಿಯಲ್ಲಿ ಪ್ರೇಕ್ಷಕರಿಲ್ಲದವರಾದರು. ಮುಂದೆಲ್ಲಿ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಕೆಲವರು ಮೋಜ್, ಕೆಲವರು ಜೋಶ್, ಕೆಲವರು ಆಗಷ್ಟೇ ಬಂದ ಇನ್‌ಸ್ಟಾಗ್ರಾಮ್ ರೀಲ್ಸ್ ಎಂದು ದಿಕ್ಕಾಪಾಲಾದರು.

ಬ್ರೆಜಿಲ್ ಜೊತೆ ಹೋಲಿಸಿದರೆ ಹೀಗೆ ದಿಕ್ಕಾಪಾಲಾಗುವುದರ ಕಾರಣ ಸ್ಪಷ್ಟವಾಗುತ್ತದೆ. 2024ರ ಆಗಸ್ಟ್ ಕೊನೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಅಲೆಶಾಂದ್ರೆ ಡಿ ಮೊರಾಯಿಸ್ ಎಕ್ಸ್ ಎಂದು ಹೆಸರು ಬದಲಿಸಿಕೊಂಡಿದ್ದ ಟ್ವಿಟರನ್ನು ದೇಶದಲ್ಲಿ ನಿಲ್ಲಿಸಿದರು. ಅಕ್ಟೋಬರ್ 8ರಂದು ಅದು ಮತ್ತೆ ತೆರೆಯಿತು. ನಿಂತ ಮೊದಲ ಕೆಲವೇ ದಿನಗಳಲ್ಲಿ ಬ್ಲೂಸ್ಕೈಗೆ 20 ಲಕ್ಷಕ್ಕೂ ಹೆಚ್ಚು ಹೊಸ ಖಾತೆಗಳು ಬಂದವು, ಬಹುಪಾಲು ಬ್ರೆಜಿಲಿನವು. ಪೋರ್ಚುಗೀಸ್ ಅಲ್ಲಿನ ಬೀದಿಮಾತಾಯಿತು. ಬಾಗಿಲು ಎಲ್ಲರಿಗೂ ಒಂದೇ ಕ್ಷಣದಲ್ಲಿ ಮುಚ್ಚಿತು, ಹೋಗುವ ಜಾಗದ ಬಗ್ಗೆ ಹೆಚ್ಚಿನವರಲ್ಲಿ ಸಹಮತವಿತ್ತು, ಭಾಷೆಯೂ ಒಂದೇ. ಸಂತೆಯ ದಿನ ಮತ್ತು ಮೈದಾನ ಎರಡೂ ತಾವಾಗಿ ನಿಗದಿಯಾದವು. ಅದೃಷ್ಟದ ಮೇಲೆ ಸಮುದಾಯ ಕಟ್ಟಲಾಗುವುದಿಲ್ಲ ಎನ್ನುವುದು ಬೇರೆ; ಆದರೆ ಜನ ಚದುರುವುದು ಅವರ ಸ್ವಭಾವದಿಂದಲ್ಲ, ಒಪ್ಪಂದ ಮಾಡಿಕೊಳ್ಳುವ ಜಾಗವಿಲ್ಲದ್ದರಿಂದ ಎಂದು ಇದು ತೋರಿಸಿತು.

ಚದುರುವಿಕೆಯೆಲ್ಲ ಕೆಟ್ಟದ್ದೂ ಅಲ್ಲ. 2019ರಲ್ಲಿ ಬಲಪಂಥೀಯ ದ್ವೇಷಕ್ಕೆ ಹೆಸರಾದ ಗ್ಯಾಬ್ ಮ್ಯಾಸ್ಟೊಡಾನ್ ತಂತ್ರಾಂಶವನ್ನೇ ಎತ್ತಿಕೊಂಡು ಬಂದಾಗ ನೂರಾರು ಸರ್ವರ್‌ಗಳು ಅದರ ಜೊತೆ ಕೊಡುಕೊಳ್ಳುವುದನ್ನೇ ನಿಲ್ಲಿಸಿದವು. ಯಾವ ಕಂಪನಿಯನ್ನೂ ಬೇಡಬೇಕಾಗಲಿಲ್ಲ. 2023ರ ಜೂನ್‌ನಲ್ಲಿ ರೆಡಿಟ್ ವಿರುದ್ಧ ಸಾವಿರಾರು ಗುಂಪುಗಳು ಬಾಗಿಲು ಹಾಕಿ ಪ್ರತಿಭಟಿಸಿದಾಗ ಜನ ಲೆಮ್ಮಿ ಎಂಬ ವಿಕೇಂದ್ರೀಕೃತ ಜಾಲಕ್ಕೆ ನುಗ್ಗಿದರು. ಅಲ್ಲಿ ಬೀಹಾ ಎಂಬ ಸರ್ವರ್, ಯಾರು ಬೇಕಾದರೂ ಸೇರಬಹುದಾಗಿದ್ದ ಎರಡು ದೊಡ್ಡ ಸರ್ವರ್‌ಗಳ ನಂಟು ಕಡಿದುಕೊಂಡಿತು. ಅಷ್ಟು ಜನರ ನಡವಳಿಕೆ ನೋಡಿಕೊಳ್ಳಲು ಇದ್ದವರು ನಾಲ್ಕು ಮಂದಿ, ನಿದ್ದೆಯೂ ಬೇಕಲ್ಲ. ನನ್ನ ದೃಷ್ಟಿಯಲ್ಲಿ ಅದು ಪ್ರಾಮಾಣಿಕ ನಿರ್ಧಾರ. ಆದರೆ ಬೀಹಾದ ಸಾಮಾನ್ಯ ಸದಸ್ಯನೊಬ್ಬ ಬೆಳಿಗ್ಗೆ ಎದ್ದಾಗ ಆಚೆ ಸರ್ವರಿನ ಗೆಳೆಯರು ಕಾಣೆಯಾಗಿದ್ದರು. ಅಡ್ಮಿನ್ ಬೇಲಿ ಹಾಕಿದ್ದರ ಕಾರಣ ಸರಿಯಿದ್ದರೂ, ಬೇಲಿಯ ಯಾವ ಬದಿಗೆ ನಿಲ್ಲುತ್ತೀರಿ ಎಂದು ಅವನನ್ನು ಕೇಳಿರಲಿಲ್ಲ.

ಅಡ್ಮಿನ್ ಎಂಬ ಈ ಮನುಷ್ಯನ ಬಗ್ಗೆ ನಾವು ಕಡಿಮೆ ಮಾತಾಡುತ್ತೇವೆ. ರಾತ್ರಿ ಹನ್ನೊಂದಕ್ಕೆ ದೂರು ಓದುವವನು, ತಿಂಗಳ ಬಾಡಿಗೆಯನ್ನು ತನ್ನ ಸಂಬಳದಿಂದ ಕಟ್ಟುವವನು, ಫೋಟೊಗಳಿಂದ ಡಿಸ್ಕ್ ತುಂಬಿತೆಂದು ಭಾನುವಾರ ಕಳೆದುಕೊಳ್ಳುವವನು. ಸುಮಾರು 12,000 ಸಕ್ರಿಯ ಸದಸ್ಯರಿದ್ದ ಒಂದು ಮ್ಯಾಸ್ಟೊಡಾನ್ ಸರ್ವರ್ 2023ರ ಫೆಬ್ರವರಿಯಲ್ಲಿ ಮುಚ್ಚುವುದಾಗಿ ಹೇಳಿತು. ಕಾರಣ, ಹ್ಯಾರಿ ಪಾಟರ್ ಲೋಕದ ಒಂದು ವಿಡಿಯೊ ಗೇಮಿನ ಕುರಿತ ಜಗಳ. ಬೈಗುಳ ಸಾಕಾಗಿ ಅಡ್ಮಿನ್ ಕೈಚೆಲ್ಲಿದರು. ಇದನ್ನು ಅವರ ದೌರ್ಬಲ್ಯ ಎನ್ನುವುದು ತಪ್ಪು; ಹನ್ನೆರಡು ಸಾವಿರ ಜನರ ಊರನ್ನು ಒಬ್ಬರ ತಾಳ್ಮೆಯ ಮೇಲೆ ನಿಲ್ಲಿಸಿದ್ದು ನಮ್ಮ ದೌರ್ಬಲ್ಯ. ನಾನಿದ್ದ ಸಣ್ಣ ಸರ್ವರೂ ಹಾಗೆಯೇ ಒಂದು ದಿನ ತೆರೆಯಲಿಲ್ಲ. ನಡೆಸುತ್ತಿದ್ದ ಹುಡುಗನಿಗೆ ಹೊಸ ಕೆಲಸ ಸಿಕ್ಕಿತ್ತು ಎಂದು ಆಮೇಲೆ ತಿಳಿಯಿತು. ನಾನು ಅವನಿಗೆ ಒಂದು ರೂಪಾಯಿಯೂ ಕಳಿಸಿರಲಿಲ್ಲ, ಹಾಗಾಗಿ ಬೈಯುವ ಹಕ್ಕೂ ಇರಲಿಲ್ಲ.

ನಮ್ಮ ದೇಶದಲ್ಲಿ ಕಾನೂನಿನ ಭಾರವೂ ಅವನ ಹೆಗಲಿಗೇ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಜಾಲತಾಣಗಳಿಗೆ ಹೆಚ್ಚಿನ ಹೊಣೆ ಹೊರಿಸಿವೆ, ನಿಜ. ಆದರೆ ದೂರು ಅಧಿಕಾರಿಯನ್ನು ನೇಮಿಸುವ, ಆದೇಶ ಬಂದಾಗ ಕಿತ್ತುಹಾಕುವ ಮೂಲಭೂತ ಕರ್ತವ್ಯ ಸಣ್ಣವರಿಗೂ ಇದೆ. ಸರ್ಕಾರದ ತಡೆ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಕರ್ನಾಟಕ ಹೈಕೋರ್ಟಿಗೆ ಹೋದಾಗ ಏಕಸದಸ್ಯ ಪೀಠ 2023ರ ಜೂನ್ 30ರಂದು ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. ಕಂಪನಿ ಮೇಲ್ಮನವಿ ಹಾಕಿತು, ಅದಕ್ಕೆ ವಕೀಲರಿದ್ದಾರೆ. ತುಮಕೂರಿನ ಒಂದು ಕೋಣೆಯಿಂದ ಕನ್ನಡದ ಸರ್ವರ್ ನಡೆಸುವವನಿಗೆ ಅಂಥ ಒಂದು ಇಮೇಲ್ ಬಂದರೆ ಅವನು ಮಾಡುವುದು ಒಂದೇ: ಸ್ವಿಚ್ ಆರಿಸುತ್ತಾನೆ.

ದೊಡ್ಡ ಭಾಷೆಗಳು ಚದುರಿದರೂ ಬದುಕುತ್ತವೆ. ಇಂಗ್ಲಿಷಿನ ತೋಟಗಾರಿಕೆಯ ಗುಂಪು ಐದು ಹೋಳಾದರೆ ಐದರಲ್ಲೂ ಸಾವಿರ ಜನ. ಹದಿನಾಲ್ಕು ಜನರ ಶಾಸನದ ಗುಂಪು ಐದು ಹೋಳಾದರೆ ಒಂದರಲ್ಲೂ ಓದುವವನು, ಸಂಪುಟ ಇಟ್ಟುಕೊಂಡವನು, ಕಲ್ಲಿನ ಹತ್ತಿರ ಹೋಗಬಲ್ಲವನು ಮೂವರೂ ಇರುವುದಿಲ್ಲ. ಆದ್ದರಿಂದ ಕನ್ನಡದಂಥ ಭಾಷೆಗಳಿಗೆ ವಿಕೇಂದ್ರೀಕರಣ ಬೇಕೋ ಬೇಡವೋ ಎನ್ನುವ ಚರ್ಚೆ ನನಗೆ ಅರ್ಧದ್ದು ಎನ್ನಿಸುತ್ತದೆ. ಕೇಳಬೇಕಾದದ್ದು, ಎದ್ದು ಹೋಗುವ ಮೊದಲು ಯಾರು ಯಾರನ್ನು ಕೇಳಿದರು ಎಂದು. ಸಹಕಾರ ಸಂಘದ ಬೋರ್ಡು ಸ್ಥಳ ಬದಲಿಸಬೇಕಾದರೂ ಒಂದು ಸರ್ವಸದಸ್ಯರ ಸಭೆ ಕರೆಯುತ್ತಾರೆ, ಗದ್ದಲ ಮಾಡುತ್ತಾರೆ, ಚಹಾ ಕುಡಿದು ಠರಾವು ಬರೆಯುತ್ತಾರೆ. ಹತ್ತು ವರ್ಷ ಒಟ್ಟಿಗೆ ಕೂತು ಅಕ್ಷರ ಬಿಡಿಸಿದ ನಾವು ಅಷ್ಟನ್ನೂ ಮಾಡಲಿಲ್ಲ. ಒಬ್ಬೊಬ್ಬರೂ ‘ನಾನು ಹೊರಟೆ, ನನ್ನ ಹೊಸ ವಿಳಾಸ ಇದು’ ಎಂದು ಬರೆದು ಹೋದೆವು. ಸರ್ವರಿನ ಬಾಡಿಗೆ ಹಂಚಿಕೊಳ್ಳುವ, ಇಬ್ಬರು ಅಡ್ಮಿನ್ ಇಡುವ, ಹಳೆಯ ಓದುಗಳನ್ನು ಒಂದು ಕಡತದಲ್ಲಿ ಬರೆದಿಟ್ಟು ಎಲ್ಲರ ಹತ್ತಿರವೂ ಒಂದು ಪ್ರತಿ ಇರುವಂತೆ ಮಾಡುವ ಮಾತು ಬಂದದ್ದು ಎಲ್ಲ ಚದುರಿದ ಮೇಲೆ. ಇದ್ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಾಗಿರಲಿಲ್ಲ. ಮುಖ ಕೆಡಿಸಿಕೊಂಡು ಕೂತು ಚರ್ಚಿಸುವ ಒಂದು ಸಂಜೆ ಬೇಕಾಗಿತ್ತು.

ಕೂತದ್ದು ಹೋದ ವರ್ಷ. ಶನಿವಾರ ರಾತ್ರಿ ಒಂಬತ್ತಕ್ಕೆ ಯಾರು ಎಲ್ಲೇ ಇದ್ದರೂ ಒಂದು ಜಾಗಕ್ಕೆ ಬರುವುದೆಂದು ಆಯಿತು. ಟೆಕ್ಸಾಸಿನವನಿಗೆ ಅದು ಬೆಳಗಿನ ಹೊತ್ತು. ಏಳು ಮಂದಿ ಬರುತ್ತಾರೆ, ಒಮ್ಮೊಮ್ಮೆ ಒಂಬತ್ತು. ಮೇಷ್ಟ್ರು ಇನ್ನೂ ಬಂದಿಲ್ಲ. ಅವರು ಫೋಟೊವನ್ನು ನನಗೆ ವಾಟ್ಸ್‌ಆ್ಯಪ್ ಮಾಡುತ್ತಾರೆ, ನಾನು ಅಲ್ಲಿಗೆ ಹೊತ್ತೊಯ್ಯುತ್ತೇನೆ, ಉತ್ತರವನ್ನು ತಿರುಗಿ ತಂದು ಕೊಡುತ್ತೇನೆ. ಈ ವಾರದ್ದು ಕೆರೆ ಏರಿಯ ಮೇಲೆ ಮುಖ ಕೆಳಗಾಗಿ ಬಿದ್ದಿದ್ದ ಕಲ್ಲು. ಹುಡುಗರು ಜೆಸಿಬಿಯವನಿಗೆ ಹೇಳಿ ಮಗುಚಿಸಿದರಂತೆ. ಮಣ್ಣು ಇನ್ನೂ ಪೂರ್ತಿ ಹೋಗಿಲ್ಲ. ಎರಡನೆಯ ಸಾಲಿನ ಕೊನೆಯ ಅಕ್ಷರ ಮೈಸೂರಿನವಳಿಗೆ ಱ, ಟೆಕ್ಸಾಸಿನವನಿಗೆ ೞ. ತೊಳೆದು ಇನ್ನೊಂದು ಫೋಟೊ ತೆಗೆಯಿರಿ ಎಂದು ಮೇಷ್ಟ್ರಿಗೆ ಬರೆದಿದ್ದೇನೆ. ಎರಡು ಬೂದು ಟಿಕ್ ಬಿದ್ದಿವೆ, ನೀಲಿಯಾಗಿಲ್ಲ.